ಕೊನೇ ಗಳಿಗೆಯಲ್ಲಿ ಬಂದ ಗ್ರಾಫಿಕ್ಸ್ ಕಾರ್ಡ್ ತಗೋಬೋದಾ?

ಈ ಸಲ ಬಂದ ಪತ್ರಗಳಲ್ಲಿ ಬಹಳಷ್ಟು ಒಂದೇ ವಿಷ್ಯದ ಸುತ್ತ ಇವೆ. ಕಂಪ್ಯೂಟರ್‌ನಲ್ಲಿ ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡ್‌ಗಳ ಒಂದು ಜನರೇಶನ್ (ಪೀಳಿಗೆ) ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಕಂಪನಿಗಳು ಇನ್ನೊಂದು ಕಾರ್ಡ್ ಬಿಡ್ತವೆ, ಅದು ಕೆಲವು ತಿಂಗಳು ಅಂಗಡೀಲಿ ಇರತ್ತೆ, ಆಮೇಲೆ ಹೊಸ ಜನರೇಶನ್ ಬಂದು ಅದನ್ನ ಕೇಳೋರೇ ಇರಲ್ಲ. ಅಂಥ ಕಾರ್ಡ್ ಕೊಂಡವರು, ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳೋಕೆ ಹೊರಟವರು, ಮಾರೋರು ಎಲ್ರೂ ಬರೆದಿದಾರೆ, ಅದಕ್ಕೆ ಅಂಕಣ ಪೂರ್ತಿ ಇದಕ್ಕೇ ಇಟ್ಟಿದೀನಿ. ಬೆಲೆಗಳನ್ನ ಡಾಲರ್‌ನಲ್ಲೇ ಕೊಟ್ಟಿದೀನಿ, ಅವು ಅಮೆರಿಕದಲ್ಲಿ ಬಿಡುಗಡೆ ಹೊತ್ತಿಗೆ ಕಂಪನಿ ಹೇಳಿದ ಬೆಲೆ, ಟ್ಯಾಕ್ಸ್ ಸೇರಿಲ್ಲ. ನಮ್ಮಲ್ಲಿಗೆ ಬರೋ ಹೊತ್ತಿಗೆ ಜಿಎಸ್‌ಟಿ, ಇಂಪೋರ್ಟರ್ ಮಾರ್ಜಿನ್ ಎಲ್ಲ ಸೇರಿ ಅದು ಬೇರೇನೇ ಆಗಿರತ್ತೆ.

ಪ್ರಶ್ನೆ: ಸರ್ ನಮಸ್ಕಾರ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ನಮ್ಮ ಸೀನಿಯರ್ ಒಬ್ರು ಜಿಟಿಎಕ್ಸ್ 1070 ಟಿಐ ಕಾರ್ಡ್ ಮಾರ್ತಿದಾರೆ. 1080ಗೆ ಹತ್ತಿರ ಹತ್ತಿರ ಬರತ್ತೆ, ಅದಕ್ಕಿಂತ ಹೊಸದೂ ಹೌದು, 2017ರ ಕೊನೇದು ಅಂತಿದಾರೆ. ನಂಗೆ ಗೇಮ್ ಜೊತೆಗೆ ಮಷೀನ್ ಲರ್ನಿಂಗ್ ಪ್ರಾಜೆಕ್ಟ್‌ಗೂ ಬೇಕು. ತಗೊಳ್ಲಾ?
— ವಿದ್ಯಾರ್ಥಿ, ದಾವಣಗೆರೆ

ಉತ್ತರ: ನಿಮ್ಮ ಸೀನಿಯರ್ ಹೇಳಿದ್ರಲ್ಲಿ ಸುಳ್ಳೇನೂ ಇಲ್ಲಪ್ಪ, ಕಾರ್ಡ್ ಒಳ್ಳೇದೇ, 1080ಗೆ ಹತ್ತಿರ ಬರೋದೂ ನಿಜ. ಆದ್ರೆ ಆ "ಹೊಸದು" ಅನ್ನೋದಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡ. ಯಾಕೆ ಅಂತ ಸ್ವಲ್ಪ ವಿವರವಾಗೇ ಹೇಳ್ತೀನಿ, ಯಾಕಂದ್ರೆ ಉಳಿದ ಪ್ರಶ್ನೆಗಳಿಗೂ ಇದೇ ಬುಡ.

2016ರ ಮೇ ತಿಂಗಳಲ್ಲಿ ಗ್ರಾಫಿಕ್ಸ್ ಚಿಪ್ ಮಾಡೋ ಎನ್‌ವಿಡಿಯಾ ಕಂಪನಿ 1080 ಬಿಡ್ತು, ಜೂನ್‌ನಲ್ಲಿ 1070. ಎರಡರಲ್ಲೂ ಇರೋದು ಜಿಪಿ104 ಅನ್ನೋ ಒಂದೇ ಚಿಪ್, 1080ರಲ್ಲಿ 2560 ಕೋರ್ (ಲೆಕ್ಕ ಮಾಡೋ ಸಣ್ಣ ಘಟಕ) ಆನ್ ಇರತ್ತೆ, 1070ರಲ್ಲಿ 1920. ವರ್ಷ ಕಳೆದು 2017ರ ಆಗಸ್ಟ್‌ನಲ್ಲಿ ಅದರ ಪ್ರತಿಸ್ಪರ್ಧಿ ಎಎಂಡಿ ಆರ್‌ಎಕ್ಸ್ ವೇಗಾ 56 ಅಂತ 399 ಡಾಲರ್‌ಗೆ ತಂತು, ಅದು 1070ನ ಹಿಂದಕ್ಕೆ ಹಾಕ್ತು. ಎನ್‌ವಿಡಿಯಾ ಏನ್ ಮಾಡ್ತು ಅಂದ್ರೆ ಹೊಸ ಚಿಪ್ ಏನೂ ಮಾಡಲಿಲ್ಲ, ಅದೇ ಜಿಪಿ104ರಲ್ಲಿ 2432 ಕೋರ್ ಆನ್ ಮಾಡಿ ನವೆಂಬರ್ 2ಕ್ಕೆ 449 ಡಾಲರ್‌ಗೆ 1070 ಟಿಐ ಅಂತ ಬಿಡ್ತು. 1080ಗಿಂತ ಕಮ್ಮಿ ಇರೋದು 128 ಕೋರ್ ಮಾತ್ರ, ಜೊತೆಗೆ ಮೆಮೊರಿ ಇನ್ನೂ ವೇಗದ ಜಿಡಿಡಿಆರ್5ಎಕ್ಸ್ ಬದ್ಲು ಸಾದಾ ಜಿಡಿಡಿಆರ್5. ಇದು ತಮ್ಮದೇ 1080 ಮಾರಾಟಕ್ಕೆ ಹೊಡೆತ ಕೊಡಬಾರದು ಅಂತ ಬೋರ್ಡ್ ಮಾಡೋ ಕಂಪನಿಗಳಿಗೆ ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಮಾಡಿ ಮಾರೋಕೂ ಬಿಡಲಿಲ್ಲ, ಎಲ್ಲಾ ಬ್ರ್ಯಾಂಡ್‌ದೂ ಒಂದೇ ಸ್ಪೀಡ್. ವೇಗಾ 56 ಇಲ್ದೇ ಇದ್ದಿದ್ರೆ ಈ ಕಾರ್ಡೇ ಇರ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. 2018ರ ಸೆಪ್ಟೆಂಬರ್‌ಗೆ ಹೊಸ ಪೀಳಿಗೆಯ ಆರ್‌ಟಿಎಕ್ಸ್ 2080 ಬಂತು, ಇದರ ಕಾಲ ಮುಗೀತು, ಒಂದು ವರ್ಷಾನೂ ತುಂಬಲಿಲ್ಲ.

ಈಗ ಮುಖ್ಯ ಮಾತು. ಗ್ರಾಫಿಕ್ಸ್ ಕಾರ್ಡ್‌ನ ವಯಸ್ಸನ್ನ ಬಿಲ್ ಮೇಲಿರೋ ತಾರೀಖಿನಿಂದ ಎಣಿಸಬಾರದು, ಅದರ ಚಿಪ್ ಯಾವ ಆರ್ಕಿಟೆಕ್ಚರ್‌ದೋ (ಮೂಲ ವಿನ್ಯಾಸದ್ದೋ) ಅದು ಹುಟ್ಟಿದ ದಿನದಿಂದ ಎಣಿಸಬೇಕು. ಡ್ರೈವರ್ (ಕಾರ್ಡ್ ನಡೆಸೋ ಸಾಫ್ಟ್‌ವೇರ್) ಅಪ್‌ಡೇಟ್ ನಿಲ್ಲಿಸುವಾಗ ಕಂಪನಿಗಳು ಒಂದೊಂದೇ ಕಾರ್ಡ್ ನೋಡಲ್ಲ, ಇಡೀ ಪೀಳಿಗೆನ ಒಟ್ಟಿಗೆ ಕಳಿಸ್ತವೆ. 1070 ಟಿಐ ಇರೋದು ಪ್ಯಾಸ್ಕಲ್ ಪೀಳಿಗೆಯಲ್ಲಿ, ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಮೂರಕ್ಕೂ ಹೊಸ ಗೇಮ್ ಡ್ರೈವರ್ 2025ರ ಅಕ್ಟೋಬರ್‌ಗೆ ಕೊನೆ ಅಂತ ಎನ್‌ವಿಡಿಯಾ ಹೇಳಿಬಿಟ್ಟಿದೆ, ಆಮೇಲೆ 2028ರ ಅಕ್ಟೋಬರ್‌ವರೆಗೆ ಬರೀ ಸೆಕ್ಯೂರಿಟಿ ಅಪ್‌ಡೇಟ್. ಮೊದಲ ದಿನ 1080 ತಗೊಂಡವರಿಗೂ, ವರ್ಷೊಪ್ಪತ್ತು ತಡವಾಗಿ 1070 ಟಿಐ ತಗೊಂಡವರಿಗೂ ಕೊನೇ ದಿನ ಒಂದೇ. 2017ರಲ್ಲಿ ಕೊಂಡವರಿಗೆ ಎಂಟು ವರ್ಷ ಸಿಕ್ತು, ಅದು ನಿಜಕ್ಕೂ ಒಳ್ಳೇ ಬಾಳಿಕೆ, ಅದನ್ನ ನಾನು ಕಮ್ಮಿ ಮಾಡಿ ಹೇಳಲ್ಲ. ಆದ್ರೆ ಈಗ ಕೊಳ್ಳೋ ನಿಂಗೆ ಅದ್ರಲ್ಲಿ ಉಳಿದಿರೋದು ಏನು ಅಂತ ನೋಡ್ಕೋ.

ಮಷೀನ್ ಲರ್ನಿಂಗ್ ಬೇಕು ಅಂದ್ಯಲ್ಲ, ಅಲ್ಲಿ ಇನ್ನೂ ಕಷ್ಟ. ಎನ್‌ವಿಡಿಯಾ ಕಾರ್ಡ್ ಮೇಲೆ ಲೆಕ್ಕಾಚಾರ ಓಡಿಸೋ ಸಾಫ್ಟ್‌ವೇರ್ ಕುಡಾ, ಅದರ 13ನೇ ವರ್ಶನ್‌ನಿಂದ ಪ್ಯಾಸ್ಕಲ್‌ಗೆ ಸಪೋರ್ಟ್ ತೆಗೆದಿದಾರೆ. ಹಳೇ ಕುಡಾ 12 ಹಾಕ್ಕೊಂಡು ಹಳೇ ವರ್ಶನ್ ಲೈಬ್ರರಿಗಳಲ್ಲಿ ಕೆಲಸ ಮಾಡ್ಬೋದು, ಆದ್ರೆ ಕಾಲೇಜಲ್ಲಿ ಫ್ರೆಂಡ್ಸ್ ಹೊಸ ಕೋಡ್ ಕೊಟ್ಟಾಗೆಲ್ಲಾ ನೀನು ವರ್ಶನ್ ಜೊತೆ ಗುದ್ದಾಡ್ತಾ ಕೂರಬೇಕಾಗತ್ತೆ. ಮಷೀನ್ ಲರ್ನಿಂಗ್ ಲೆಕ್ಕಕ್ಕೆ ಅಂತಾನೇ ಇರೋ ಟೆನ್ಸರ್ ಕೋರ್ ಕೂಡ ಇಲ್ಲ. ಗೇಮ್ ಕಡೆ ನೋಡಿದ್ರೂ ಬೆಳಕು ನೆರಳು ಲೆಕ್ಕ ಹಾಕೋ ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ದೇ ಶುರುನೇ ಆಗದಿರೋ ಗೇಮ್‌ಗಳು 2024ರ ಕೊನೆಯಿಂದ ಬರೋಕೆ ಶುರುವಾಗಿವೆ.

ಅದರ ಬದ್ಲು ಸೆಕೆಂಡ್ ಹ್ಯಾಂಡ್‌ನಲ್ಲಿ ಆರ್‌ಟಿಎಕ್ಸ್ 3060 12 ಜಿಬಿ ಹುಡುಕು. ಅದೂ ಕೈಗೆಟುಕಲ್ಲ ಅಂದ್ರೆ ಆರ್‌ಟಿಎಕ್ಸ್ 2060ರ 12 ಜಿಬಿ ಮಾಡೆಲ್ ಸಿಗತ್ತಾ ನೋಡು. ಅದೂ ಕೊನೇ ಗಳಿಗೆಯಲ್ಲಿ ಬಂದ ಕಾರ್ಡೇ, 3060 ಬಂದು ತಿಂಗಳುಗಟ್ಟಲೆ ಆದ್ಮೇಲೆ, 2021ರ ಡಿಸೆಂಬರ್‌ನಲ್ಲಿ ಹಿಂದಿನ ಪೀಳಿಗೆಯ ಚಿಪ್‌ಗೆ ಮೆಮೊರಿ ಡಬಲ್ ಮಾಡಿ ತಂದಿದ್ದು, ಅವತ್ತು ಯಾರೂ ಹೊಗಳಲಿಲ್ಲ. ಆದ್ರೆ ಟೆನ್ಸರ್ ಕೋರ್ ಇದೆ, ಕುಡಾ 13 ಓಡತ್ತೆ, 12 ಜಿಬಿ ಇದೆ, ನಿನ್ನಂಥ ವಿದ್ಯಾರ್ಥಿಗೆ ಬೇಕಾಗಿರೋದು ಅದೇ ಮೂರು.

ಪ್ರಶ್ನೆ: ಕಂಪನಿಗಳು ಕೊನೆಗೆ ಬಿಡೋ ಕಾರ್ಡ್‌ಗಳಲ್ಲಿ ರಿಜೆಕ್ಟ್ ಆದ ಚಿಪ್ ಹಾಕಿರ್ತಾರೆ, ಅದಕ್ಕೇ ಬೇಗ ಹಾಳಾಗ್ತವೆ ಅಂತ ನಮ್ಮ ಕಡೆ ಒಬ್ರು ಹೇಳಿದ್ರು. ಇದು ಹೌದಾ?
— ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಅರ್ಧ ಹೌದು, ಅರ್ಧ ಖಂಡಿತ ಅಲ್ಲ. ನೀವು ಅಡಿಕೆ ಬೆಳೆಯೋರು, ನಿಮಗೆ ಇದು ಬೇಗ ಅರ್ಥ ಆಗತ್ತೆ. ಒಂದೇ ತೋಟದ ಅಡಿಕೆನ ರಾಶಿ, ಬೆಟ್ಟೆ, ಗೊರಬಲು ಅಂತ ವಿಂಗಡಿಸ್ತೀರಿ, ಪ್ರತಿಯೊಂದಕ್ಕೂ ಬೇರೆ ದರ, ಯಾವುದನ್ನೂ ಬಿಸಾಕಲ್ಲ. ಚಿಪ್ ಕೂಡ ಹಾಗೇನೇ. ಒಂದು ಸಿಲಿಕಾನ್ ವೇಫರ್ ಮೇಲೆ ಒಂದೇ ನಕ್ಷೆಯ ಹತ್ತಾರು ಚಿಪ್ ಅಚ್ಚಾಗ್ತವೆ, ಅದ್ರಲ್ಲಿ ಕೆಲವು ಪೂರ್ತಿ ಚೆನ್ನಾಗಿರ್ತವೆ, ಕೆಲವುದ್ರಲ್ಲಿ ಒಂದೋ ಎರಡೋ ಭಾಗ ಕೆಟ್ಟಿರತ್ತೆ, ಕೆಟ್ಟ ಭಾಗನ ಶಾಶ್ವತವಾಗಿ ಆಫ್ ಮಾಡಿ ಉಳಿದಿದ್ದನ್ನ ಕಮ್ಮಿ ದರದ ಕಾರ್ಡ್‌ಗೆ ಹಾಕ್ತಾರೆ. ಆಫ್ ಆಗಿರೋ ಭಾಗಕ್ಕೆ ಕೆಲಸಾನೇ ಇರಲ್ಲ, ಆನ್ ಇರೋದು ಟೆಸ್ಟ್ ಪಾಸಾಗಿರತ್ತೆ, ಹಾಗಾಗಿ ಆ ಕಾರಣಕ್ಕೆ ಕಾರ್ಡ್ ಬೇಗ ಸಾಯತ್ತೆ ಅನ್ನೋದು ತಪ್ಪು ತಿಳುವಳಿಕೆ. ಕಾರ್ಡ್ ಹಾಳಾಗೋದು ಧೂಳು, ಬಿಸಿ, ಕೆಟ್ಟ ಪವರ್ ಸಪ್ಲೈ, ಸೋಲ್ಡರ್ ಬಿಡೋದು ಇಂಥದ್ರಿಂದ.

ವರ್ಷ ಎರಡು ವರ್ಷ ಉತ್ಪಾದನೆ ನಡೆದ್ಮೇಲೆ ಈ ಮಧ್ಯದ ಗ್ರೇಡ್ ಚಿಪ್‌ಗಳು ಗೋಡೌನ್‌ನಲ್ಲಿ ರಾಶಿ ಬಿದ್ದಿರ್ತವೆ, ಹೊಸ ಜನರೇಶನ್ ಬರೋಕೆ ಮುಂಚೆ ಅವನ್ನ ಖಾಲಿ ಮಾಡಬೇಕು. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ 2011ರ ನವೆಂಬರ್‌ನಲ್ಲಿ ಬಂದ ಜಿಟಿಎಕ್ಸ್ 560 ಟಿಐ 448 ಕೋರ್ಸ್. ಹೆಸರು 560 ಟಿಐ, ಆದ್ರೆ ಒಳಗಿರೋದು 570, 580ಗಳಲ್ಲಿದ್ದ ಜಿಎಫ್110 ಅನ್ನೋ ದೊಡ್ಡ ಚಿಪ್. ನಿಜವಾದ 560 ಟಿಐನಲ್ಲಿ ಇದ್ದಿದ್ದು ಜಿಎಫ್114, 384 ಕೋರ್. ದೊಡ್ಡ ಚಿಪ್‌ನಲ್ಲಿ 16 ಬ್ಲಾಕ್ ಇರತ್ತೆ, 580ಗೆ 16 ಬ್ಲಾಕೂ ಬೇಕು, 570ಗೆ 15 ಬೇಕು, 14 ಮಾತ್ರ ಸರಿ ಇರೋ ಚಿಪ್‌ಗಳನ್ನ ಏನ್ ಮಾಡೋದು? ಒಂದೊಂದು ಬ್ಲಾಕ್‌ಗೆ 32 ಕೋರ್, 14 ಬ್ಲಾಕ್‌ಗೆ 448, ಅದನ್ನೇ ಹೆಸರಲ್ಲಿ ಸೇರಿಸಿ 289 ಡಾಲರ್‌ಗೆ ಲಿಮಿಟೆಡ್ ಎಡಿಶನ್ ಅಂತ ಮಾರಿದ್ರು, ಅದೂ ಎಲ್ಲಾ ದೇಶಕ್ಕೂ ಕೊಡಲಿಲ್ಲ. ನಾಲ್ಕೇ ತಿಂಗಳಿಗೆ, 2012ರ ಮಾರ್ಚ್‌ನಲ್ಲಿ, ಜಿಟಿಎಕ್ಸ್ 680 ಬಂತು. ಕೊಂಡವರಿಗೆ ಸಿಕ್ಕಿದ್ದು ಕೊಟ್ಟ ದುಡ್ಡಿಗೆ ಒಳ್ಳೇ ಕಾರ್ಡೇ, 570ರ ಬೆನ್ನಿಗೇ ಇತ್ತು, ನನಗೆ ಸಿಟ್ಟು ಬರೋದು ಆ ಹೆಸರಿನ ಮೇಲೆ. ಬೇರೆ ಚಿಪ್ ಹಾಕಿ ಅದೇ ಹೆಸರು ಇಟ್ರೆ ಸಾಮಾನ್ಯ ಗಿರಾಕಿ ಅಂಗಡೀಲಿ ಹೇಗೆ ಗುರುತು ಹಿಡೀಬೇಕು ಹೇಳಿ.

ಇದಕ್ಕೆ ಪೂರ್ತಿ ಉಲ್ಟಾನೂ ಆಗತ್ತೆ. ಉತ್ಪಾದನೆ ಪಳಗಿದ ಮೇಲೆ ಒಂದು ಭಾಗಾನೂ ಕೆಡದ ಚಿಪ್‌ಗಳು ಜಾಸ್ತಿ ಸಿಗೋಕೆ ಶುರುವಾಗ್ತವೆ, ಅವನ್ನ ಆರಿಸಿ ಕೊನೆಗೊಂದು ದುಬಾರಿ ಕಾರ್ಡ್ ಮಾಡ್ತಾರೆ. ಆರ್‌ಟಿಎಕ್ಸ್ 3090 ಟಿಐ ಅಂಥದ್ದು, ಅದ್ರ ಬಗ್ಗೆ ಕೆಳಗೆ ಬೇರೆ ಪ್ರಶ್ನೆ ಇದೆ. ಹಾಗಾಗಿ ಕೊನೆಗೆ ಬಂದಿದ್ದೆಲ್ಲಾ ಉಳಿಕೆ ಮಾಲು ಅಂತ ತಿಳ್ಕೋಬೇಡಿ.

ಪ್ರಶ್ನೆ: ನಮಸ್ಕಾರ್ರೀ ಸರ್. ನಾ ಹುಬ್ಬಳ್ಳ್ಯಾಗ ಮದುವಿ ವಿಡಿಯೋ ಎಡಿಟಿಂಗ್ ಮಾಡ್ತೀನ್ರೀ. ನಮ್ಮ ದೋಸ್ತ ಒಬ್ಬಾಂವ ಎಎಂಡಿ ರೇಡಿಯಾನ್ ಸೆವೆನ್ ಕಾರ್ಡ್ ಕೊಡ್ತೇನಿ ಅಂತಾನ, 16 ಜಿಬಿ ಐತ್ರೀ, ಇಷ್ಟ್ ಕಮ್ಮಿ ರೊಕ್ಕಕ್ಕ 16 ಜಿಬಿ ಎಲ್ಲೂ ಸಿಗೂದಿಲ್ಲ ಅಂತ ಹೇಳ್ತಾನ. ಆದ್ರ ಈ ಹೆಸರಿನ ಕಾರ್ಡ್ ನಾ ಯಾವ ಅಂಗಡ್ಯಾಗೂ ನೋಡಿಲ್ರೀ. ತಗೊಂಡ್ರ ಅಡ್ಡಿಯಿಲ್ಲೇನ್ರೀ?
— ವಿಡಿಯೋ ಎಡಿಟರ್, ಹುಬ್ಬಳ್ಳಿ

ಉತ್ತರ: ನೀವು ಅಂಗಡೀಲಿ ನೋಡದೇ ಇರೋದಕ್ಕೆ ಕಾರಣ ಇದೆ, ಅದು ಅಂಗಡೀಲಿ ಇದ್ದಿದ್ದೇ ಕೆಲವು ತಿಂಗಳು. ನಾನು ತುಂಬಾ ಇಷ್ಟಪಡೋ ಕಾರ್ಡ್ ಇದು, ಆದ್ರೂ ನಿಮಗೆ ಬೇಡ ಅಂತಾನೇ ಹೇಳ್ತೀನಿ.

ಕಥೆ ಹೀಗಿದೆ. 2018ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾದ ಆರ್‌ಟಿಎಕ್ಸ್ 2080 ಬಂದಾಗ ಎಎಂಡಿ ಹತ್ರ ಅದಕ್ಕೆ ಎದುರಾಗಿ ನಿಲ್ಲಿಸೋಕೆ ಏನೂ ಇರಲಿಲ್ಲ, ನವಿ ಅನ್ನೋ ಹೊಸ ಆರ್ಕಿಟೆಕ್ಚರ್ ಇನ್ನೂ ರೆಡಿ ಆಗಿರಲಿಲ್ಲ. ಆದ್ರೆ ಡೇಟಾ ಸೆಂಟರ್‌ಗೆ ಅಂತ ಮಾಡಿದ್ದ ಇನ್‌ಸ್ಟಿಂಕ್ಟ್ ಎಂಐ50 ಅನ್ನೋ ಕಾರ್ಡ್ ಇತ್ತು, 7 ನ್ಯಾನೋಮೀಟರ್ ತಯಾರಿಕಾ ವಿಧಾನದಲ್ಲಿ ಮಾಡಿದ ವೇಗಾ ಚಿಪ್ ಅದರದ್ದು. ಅದೇ ಚಿಪ್‌ಗೆ ಮೂರು ಫ್ಯಾನ್, ಡಿಸ್‌ಪ್ಲೇ ಪೋರ್ಟ್ ಎಲ್ಲ ಕೊಟ್ಟು 2019ರ ಫೆಬ್ರವರಿ 7ಕ್ಕೆ 699 ಡಾಲರ್‌ಗೆ ರೇಡಿಯಾನ್ ಸೆವೆನ್ ಅಂತ ತಂದ್ರು. 7 ನ್ಯಾನೋಮೀಟರ್‌ನ ಮೊದಲ ಗೇಮಿಂಗ್ ಕಾರ್ಡ್ ಅದೇ. 16 ಜಿಬಿ ಎಚ್‌ಬಿಎಂ2 ಮೆಮೊರಿ, ಸೆಕೆಂಡಿಗೆ 1 ಟೆರಾಬೈಟ್ ಬ್ಯಾಂಡ್‌ವಿಡ್ತ್ (ಮೆಮೊರಿಯಿಂದ ಡೇಟಾ ಹರಿಯೋ ವೇಗ), ಅವತ್ತಿಗೆ ಮನೆಬಳಕೆಯ ಕಾರ್ಡ್‌ನಲ್ಲಿ ಅದನ್ನ ಯಾರೂ ಕೊಟ್ಟಿರಲಿಲ್ಲ. ಲೆಕ್ಕಾಚಾರದ ಕೆಲಸಕ್ಕೆ ಬೇಕಾಗೋ ಡಬಲ್ ಪ್ರಿಸಿಶನ್ ಸ್ಪೀಡ್ ಕೂಡ ಡೇಟಾ ಸೆಂಟರ್ ಮೂಲದ್ದಾಗಿದ್ರಿಂದ ಜೋರಾಗಿತ್ತು, ದೊಡ್ಡ ದೊಡ್ಡ ಮೆರ್ಸೆನ್ ಅವಿಭಾಜ್ಯ ಸಂಖ್ಯೆ ಹುಡುಕೋ ಹವ್ಯಾಸಿಗಳು ಇದನ್ನ ಹುಡುಕ್ಕೊಂಡು ಹೋಗಿ ಕೊಂಡ್ರು.

ಐದು ತಿಂಗಳಿಗೆ, ಅದೇ ವರ್ಷ ಜುಲೈ 7ಕ್ಕೆ, ಎಎಂಡಿನೇ ಆರ್‌ಎಕ್ಸ್ 5700 ಎಕ್ಸ್‌ಟಿ ತಂತು. ಬೆಲೆ 399 ಡಾಲರ್. ಗೇಮ್‌ನಲ್ಲಿ ರೇಡಿಯಾನ್ ಸೆವೆನ್‌ಗೆ ಹತ್ತಿರ ಬಂದುಬಿಡ್ತು, 300 ವಾಟ್ ಜಾಗದಲ್ಲಿ 225 ವಾಟ್ ಸಾಕು. 699 ಕೊಟ್ಟವರಿಗೆ ಹೇಗಾಗಿರಬೇಡ! ರೇಡಿಯಾನ್ ಸೆವೆನ್ ಆ ಹೊತ್ತಿಗೇ ನಿಂತುಹೋಯ್ತು.

ಈಗ ನಿಮ್ಮ ವಿಷ್ಯಕ್ಕೆ ಬರ್ತೀನಿ. ಮೊದಲನೇದಾಗಿ ಡ್ರೈವರ್. 2023ರ ಕೊನೇಲಿ ಎಎಂಡಿ ಪೊಲಾರಿಸ್ ಮತ್ತು ವೇಗಾ ಪೀಳಿಗೆಗಳನ್ನ ಮುಖ್ಯ ಡ್ರೈವರ್‌ನಿಂದ ಬೇರೆ ಮಾಡ್ತು, ಈಗ ಅವಕ್ಕೆ ಬರೋದು ಅಗತ್ಯದ ರಿಪೇರಿ ಅಪ್‌ಡೇಟ್ ಮಾತ್ರ. 2017ರಲ್ಲಿ ಹುಟ್ಟಿದ ವೇಗಾ ಜೊತೆ 2019ರ ಈ ಕಾರ್ಡೂ ಹೋಯ್ತು, ಐದು ವರ್ಷಾನೂ ಪೂರ್ತಿ ಸಿಗಲಿಲ್ಲ. ಎರಡನೇದು, ನೀವು ಎಡಿಟಿಂಗ್ ಮಾಡೋರು, ಇದ್ರಲ್ಲಿ ಎವಿ1 ಅನ್ನೋ ಹೊಸ ವಿಡಿಯೋ ಫಾರ್ಮ್ಯಾಟ್‌ನ ಡಿಕೋಡ್ ಮಾಡೋ (ಬಿಚ್ಚಿ ತೋರಿಸೋ) ಹಾರ್ಡ್‌ವೇರ್ ಇಲ್ಲ. ಮೂರನೇದು ರಿಪೇರಿ, ಇದು ನನಗೆ ಎಲ್ಲಕ್ಕಿಂತ ದೊಡ್ಡದು. ಸಾದಾ ಕಾರ್ಡ್‌ನಲ್ಲಿ ಮೆಮೊರಿ ಚಿಪ್ ಬೋರ್ಡ್ ಮೇಲೆ ಸುತ್ತ ಕೂತಿರತ್ತೆ, ಒಂದು ಹೋದ್ರೆ ಚಿಪ್ ಲೆವೆಲ್ ಸರ್ವಿಸ್ ಮಾಡೋರು ಅದೊಂದನ್ನ ಬದಲಾಯಿಸಿ ಕೊಡ್ತಾರೆ. ಇದ್ರಲ್ಲಿ ನಾಲ್ಕು ಮೆಮೊರಿ ಸ್ಟ್ಯಾಕ್‌ಗಳು ಜಿಪಿಯು (ಗ್ರಾಫಿಕ್ಸ್ ಚಿಪ್) ಪಕ್ಕದಲ್ಲೇ ಒಂದೇ ಪ್ಯಾಕೇಜ್ ಮೇಲೆ ಅಂಟಿಕೊಂಡಿವೆ, ಒಂದು ಹೋದ್ರೆ ಎಲ್ಲಾ ಹೋದಂಗೆ. ಚಿಪ್‌ಗೂ ಕೂಲರ್‌ಗೂ ಮಧ್ಯೆ ಪೇಸ್ಟ್ ಬದ್ಲು ಗ್ರಾಫೈಟ್ ಪ್ಯಾಡ್ ಇರತ್ತೆ, ಗೊತ್ತಿಲ್ದವರು ಬಿಚ್ಚಿದ್ರೆ ಹರಿಯತ್ತೆ. ಬಿಡಿಭಾಗಕ್ಕೆ ಅಂತ ಇನ್ನೊಂದು ಕೆಟ್ಟ ಕಾರ್ಡ್ ಹುಡುಕೋಣ ಅಂದ್ರೆ ಮಾರಾಟ ಆಗಿದ್ದೇ ಕಮ್ಮಿ. ಮದುವೆ ಸೀಸನ್ ಮಧ್ಯ ಕಾರ್ಡ್ ಕೈಕೊಟ್ರೆ ನೀವು ಗಿರಾಕಿಗೆ ಏನ್ ಉತ್ತರ ಕೊಡ್ತೀರಿ?

ಇನ್ನೊಂದು ವಿಷ್ಯ, ಆ ಬ್ಯಾಂಡ್‌ವಿಡ್ತ್ ಇದ್ದಿದ್ರಿಂದಲೇ ಎಥೀರಿಯಮ್ ಅನ್ನೋ ಕ್ರಿಪ್ಟೋ ಹಣದ ಮೈನಿಂಗ್ ಮಾಡೋರು (ಕಾರ್ಡ್‌ನಿಂದ ಲೆಕ್ಕ ಮಾಡಿಸಿ ಆ ಹಣ ಗಳಿಸೋರು) ಈ ಕಾರ್ಡ್ ಮೇಲೆ ಮುಗಿಬಿದ್ದಿದ್ರು. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಮ್‌ನ ಆ ಪದ್ಧತಿ ನಿಂತ್ಮೇಲೆ ರಾಶಿ ರಾಶಿ ಕಾರ್ಡ್ ಮಾರುಕಟ್ಟೆಗೆ ಬಂದ್ವು. ನಿಮ್ಮ ದೋಸ್ತನ್ನ ಕೇಳಿ ನೋಡಿ, ಅದು ಮೈನಿಂಗ್‌ಗೆ ದುಡಿದ ಕಾರ್ಡಾ, ಅವರು ಯಾರ ಹತ್ರ ತಗೊಂಡಿದ್ದು ಅಂತ.

ಪ್ರಶ್ನೆ: 2018ರ ಡಿಸೆಂಬರ್‌ನಲ್ಲಿ ಹೊಸ ಆರ್‌ಎಕ್ಸ್ 590 ತಗೊಂಡಿದ್ದೆ. ನನ್ನ ಅಣ್ಣನ ಮಗನ ಹತ್ರ ಎರಡು ವರ್ಷ ಹಳೇ ಆರ್‌ಎಕ್ಸ್ 480 ಇತ್ತು. ಈಗ ನೋಡಿದ್ರೆ ಎರಡಕ್ಕೂ ಒಂದೇ ಹಳೇ ಡ್ರೈವರ್ ಬರ್ತಿದೆ. ಹೊಸದಕ್ಕೆ ದುಡ್ಡು ಕೊಟ್ಟ ನನಗ್ಯಾಕೆ ಇದು?
— ಬ್ಯಾಂಕ್ ಉದ್ಯೋಗಿ, ಮೈಸೂರು

ಉತ್ತರ: ದಾವಣಗೆರೆಯ ವಿದ್ಯಾರ್ಥಿಗೆ ಹೇಳಿದ್ದೇ ನಿಮಗೂ ಉತ್ತರ, ನಿಮ್ಮದು ಅದಕ್ಕಿಂತ ಖಾರವಾದ ಉದಾಹರಣೆ. 480 ಬಂದಿದ್ದು 2016ರ ಜೂನ್‌ನಲ್ಲಿ, 580 ಬಂದಿದ್ದು 2017ರ ಏಪ್ರಿಲ್‌ನಲ್ಲಿ, ನಿಮ್ಮ 590 ಬಂದಿದ್ದು 2018ರ ನವೆಂಬರ್‌ನಲ್ಲಿ. ಮೂರೂ ಪೊಲಾರಿಸ್, ಮೂರರಲ್ಲೂ 2304 ಶೇಡರ್ (ಕೋರ್‌ಗೆ ಇನ್ನೊಂದು ಹೆಸರು). 590ಗೆ 12 ನ್ಯಾನೋಮೀಟರ್ ಪ್ರೋಸೆಸ್ ಬಳಸಿ ಕ್ಲಾಕ್ ಸ್ಪೀಡ್ ಏರಿಸಿದ್ರು, ವಾಟ್ ಮಾತ್ರ 150ರಿಂದ 185ಕ್ಕೆ ಹೋಗಿ 225ಕ್ಕೆ ಮುಟ್ತು. ಬೆಲೆ 279 ಡಾಲರ್. ಒಂದು ವರ್ಷ ಕಳೆದು 2019ರ ಡಿಸೆಂಬರ್‌ಗೆ ಬಂದ ಆರ್‌ಎಕ್ಸ್ 5500 ಎಕ್ಸ್‌ಟಿ ಹೆಚ್ಚೂಕಮ್ಮಿ ಇದೇ ಕೆಲಸನ 130 ವಾಟ್‌ನಲ್ಲಿ, 8 ಜಿಬಿಗೆ 199 ಡಾಲರ್‌ನಲ್ಲಿ ಮಾಡ್ತು. ಎಎಂಡಿ ಕಡೆಯಿಂದ ಹೇಳೋದಾದ್ರೆ ಅವರ ಹತ್ರ ಮಧ್ಯಮ ಬೆಲೆಗೆ ಆಗ ಬೇರೆ ಏನೂ ಇರಲಿಲ್ಲ, ಅಂಗಡಿಯ ಶೆಲ್ಫ್ ಖಾಲಿ ಬಿಡೋಕಾಗಲ್ಲ. ಆದ್ರೆ ಅದರ ಭಾರ ಬಿದ್ದಿದ್ದು ನಿಮ್ಮಂಥ ಗಿರಾಕಿ ಮೇಲೆ, ಅದನ್ನ ನಾನು ಸರಿ ಅನ್ನಲ್ಲ. 480ಗೆ ಏಳು ವರ್ಷ ಪೂರ್ತಿ ಡ್ರೈವರ್ ಸಿಕ್ತು, ನಿಮಗೆ ಐದು. ಬಾಕ್ಸ್ ಮೇಲೆ ಆರ್ಕಿಟೆಕ್ಚರ್ ಯಾವ ವರ್ಷದ್ದು ಅಂತ ದೊಡ್ಡದಾಗಿ ಬರೆಯೋ ನಿಯಮ ಬರಬೇಕು ಅಂತ ನಾನು ಎಷ್ಟೋ ಸಲ ಬರೆದಿದೀನಿ, ಔಷಧಿಗೆ ತಯಾರಾದ ತಾರೀಖು ಹಾಕ್ತಾರಲ್ಲ, ಇದಕ್ಕೆ ಯಾಕಿಲ್ಲ?

ಮನೇಲಿ ಆಫೀಸ್ ಕೆಲಸ, ಹಳೇ ಗೇಮ್‌ಗಳಿಗೆ ಅದು ಇನ್ನೂ ಓಡತ್ತೆ, ತೆಗೆದು ಬಿಸಾಡಬೇಡಿ. ಫ್ಯಾನ್ ಕ್ಲೀನ್ ಮಾಡಿಸಿ, ಪವರ್ ಲಿಮಿಟ್ ಸ್ವಲ್ಪ ಇಳಿಸಿ ಇಟ್ಕೊಳ್ಳಿ, ಸ್ಪೀಡ್ ಹೋಗೋದು ಕಮ್ಮಿ, ಬಿಸಿ ಇಳಿಯೋದು ಜಾಸ್ತಿ.

ಪ್ರಶ್ನೆ: ಅಪ್ಪ ಇಟ್ಟಿದ್ದ ಹಳೇ ಕಂಪ್ಯೂಟರ್‌ನಲ್ಲಿ ರೇಡಿಯಾನ್ ಎಚ್‌ಡಿ 4890 ಇದೆ, ಡಿಸ್‌ಪ್ಲೇ ಬರತ್ತೆ. ಉಪಯೋಗಿಸಬೋದಾ?
— ಪಿಯು ವಿದ್ಯಾರ್ಥಿನಿ, ಪುತ್ತೂರು

ಉತ್ತರ: ಹಳೇ ಗೇಮ್ ಆಡೋಕೆ ಇಟ್ಕೋಮ್ಮ, ದಿನಾ ಬಳಸೋ ಸಿಸ್ಟಮ್‌ಗೆ ಬೇಡ. ಇದೂ ಕೊನೇ ಗಳಿಗೆಯದ್ದೇ, 2009ರ ಏಪ್ರಿಲ್‌ನಲ್ಲಿ ಬಂತು, ಅದೇ ಸೆಪ್ಟೆಂಬರ್‌ಗೆ ಎಚ್‌ಡಿ 5870 ಡೈರೆಕ್ಟ್‌ಎಕ್ಸ್ 11 (ಗೇಮ್‌ಗಳು ಬಳಸೋ ವಿಂಡೋಸ್ ಸಾಫ್ಟ್‌ವೇರ್) ಜೊತೆ ಬಂದು ಇದು ಡೈರೆಕ್ಟ್‌ಎಕ್ಸ್ 10.1ರಲ್ಲೇ ಉಳೀತು. 2012ರಲ್ಲೇ ಡ್ರೈವರ್ ಹಳೇ ಲಿಸ್ಟ್‌ಗೆ ಹೋಗಿದೆ. ಸುಮ್ನೆ ಡೆಸ್ಕ್‌ಟಾಪ್ ತೋರಿಸ್ತಾ ಇದ್ರೂ 60 ವಾಟ್ ಹತ್ರ ಕುಡಿಯತ್ತೆ, ಈಗಿನ ಪ್ರೊಸೆಸರ್ ಒಳಗಿರೋ ಗ್ರಾಫಿಕ್ಸೇ ನಿನಗೆ ಸಾಕು.

ಪ್ರಶ್ನೆ: ನಾನು ಅಮೆರಿಕದಲ್ಲಿ ಇರೋ ಕನ್ನಡಿಗ. 2022ರ ಏಪ್ರಿಲ್‌ನಲ್ಲಿ ಪೂರ್ತಿ 1999 ಡಾಲರ್ ಕೊಟ್ಟು 3090 ಟಿಐ ತಗೊಂಡೆ. ಅರ್ಧ ವರ್ಷಕ್ಕೆ 4090 ಬಂತು, ಅದಕ್ಕಿಂತ ಕಮ್ಮಿಗೆ. ಇವತ್ತಿಗೂ ಮನಸ್ಸಿಗೆ ಬೇಜಾರು. ಈಗ ಮಾರಿ ಹೊಸದು ತಗೊಳ್ಲಾ ಅಥವಾ ಇಟ್ಕೊಳ್ಲಾ?
— ಸಾಫ್ಟ್‌ವೇರ್ ಇಂಜಿನಿಯರ್, ಡಲ್ಲಾಸ್

ಉತ್ತರ: ನಿಮ್ಮ ಬೇಜಾರು ನ್ಯಾಯವಾದದ್ದೇ. ಆ ಕಾರ್ಡ್ ಘೋಷಣೆ ಆಗಿದ್ದು ಜನವರಿಯಲ್ಲಿ, ಅಂಗಡಿಗೆ ಬಂದಿದ್ದು ಮಾರ್ಚ್ 29ಕ್ಕೆ, ಆಗಿನ್ನೂ ಮೈನಿಂಗ್ ಹುಚ್ಚು, ಕಾರ್ಡ್ ಕೊರತೆ ಎರಡೂ ಇದ್ವು, ಏನು ಬೆಲೆ ಇಟ್ರೂ ಹೋಗತ್ತೆ ಅನ್ನೋ ಧೈರ್ಯದಲ್ಲಿ ಇಟ್ಟ ಬೆಲೆ ಅದು. 3090ರಲ್ಲಿ 10496 ಕೋರ್ ಇತ್ತು, ಇದ್ರಲ್ಲಿ ಪೂರ್ತಿ ಚಿಪ್, 10752, ಬರೀ 256 ಜಾಸ್ತಿ. ವಾಟ್ ಮಾತ್ರ 350ರಿಂದ 450. ಕೆಲವೇ ತಿಂಗಳಲ್ಲಿ ಮೈನಿಂಗ್ ಬಿತ್ತು, ಅಂಗಡಿಗಳು ಅದೇ ಕಾರ್ಡ್‌ನ ಸುಮಾರು 1100 ಡಾಲರ್‌ಗೆ ಇಳಿಸಿದ್ವು, ಅಕ್ಟೋಬರ್ 12ಕ್ಕೆ 4090 ಬಂತು, 1599 ಡಾಲರ್, ಅದೇ 450 ವಾಟ್‌ನಲ್ಲಿ 16384 ಕೋರ್. ಎಎಂಡಿನೂ ಅದೇ ಮೇ ತಿಂಗಳಲ್ಲಿ ಆರ್‌ಎಕ್ಸ್ 6950 ಎಕ್ಸ್‌ಟಿನ 1099ಕ್ಕೆ ತಂದು, ಡಿಸೆಂಬರ್‌ಗೆ 7900 ಎಕ್ಸ್‌ಟಿಎಕ್ಸ್‌ನ 999ಕ್ಕೆ ಇಟ್ಟಿತು, ಹಾಗಾಗಿ ಆ ವರ್ಷ ದುಬಾರಿ ಕಾರ್ಡ್ ಕೊಂಡವರಿಗೆಲ್ಲಾ ಒಂದೇ ಗತಿ.

ಆದ್ರೆ ಮಾರಬೇಡಿ. ನಿಮ್ಮ ಕೈಲಿರೋದು 24 ಜಿಬಿ, ಸೆಕೆಂಡಿಗೆ 1008 ಗಿಗಾಬೈಟ್ ಬ್ಯಾಂಡ್‌ವಿಡ್ತ್, 4090ರಲ್ಲೂ ಅಷ್ಟೇ ಇರೋದು. ಮನೇಲೇ ಭಾಷಾ ಮಾಡೆಲ್ ಓಡಿಸ್ಬೇಕು ಅಂದ್ರೆ ಮೊದಲು ಬೇಕಾಗೋದು ಮೆಮೊರಿ, ಅದು ನಿಮ್ಮ ಹತ್ರ ಇದೆ. ಎರಡು ಕಾರ್ಡ್‌ನ ಎನ್‌ವಿಲಿಂಕ್‌ನಲ್ಲಿ ಜೋಡಿಸೋ ಅವಕಾಶ 3090, 3090 ಟಿಐಗೇ ಕೊನೆ, 4090ರಲ್ಲಿ ತೆಗೆದುಬಿಟ್ರು. 3090ಕ್ಕೆ ಹೋಲಿಸಿದ್ರೆ ನಿಮ್ಮದ್ರಲ್ಲಿ ಇನ್ನೊಂದು ಒಳ್ಳೇ ವಿಷ್ಯ ಇದೆ, 3090ರಲ್ಲಿ 1 ಜಿಬಿ ಮೆಮೊರಿ ಚಿಪ್‌ಗಳು ಬೋರ್ಡ್‌ನ ಎರಡೂ ಕಡೆ ಇದ್ದು ಹಿಂಭಾಗದವು ಕಾದು ಕೆಂಡ ಆಗ್ತಿದ್ವು, ನಿಮ್ಮದ್ರಲ್ಲಿ 2 ಜಿಬಿ ಚಿಪ್ ಬಳಸಿ ಎಲ್ಲಾನೂ ಮುಂಭಾಗಕ್ಕೆ, ಕೂಲರ್ ಕೆಳಗೇ ತಂದಿದಾರೆ. ಗೇಮ್‌ನಲ್ಲಿ ನಡುನಡುವೆ ಚಿತ್ರ ತಾನೇ ಸೃಷ್ಟಿಸೋ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಶನ್ ನಿಮಗೆ ಸಿಗಲ್ಲ, ಅದು 40 ಸೀರೀಸ್‌ನಿಂದ (4090ರ ಪೀಳಿಗೆ), ಆದ್ರೆ 2025ರಲ್ಲಿ ಬಂದ ಹೊಸ ಅಪ್‌ಸ್ಕೇಲಿಂಗ್ (ಸಣ್ಣ ಚಿತ್ರನ ದೊಡ್ಡದು ಮಾಡೋ) ಮಾಡೆಲ್ ಹಳೇ ಆರ್‌ಟಿಎಕ್ಸ್‌ಗಳಿಗೂ ಬಂದಿದೆ. ಹೋದ ದುಡ್ಡು ಹೋಯ್ತು, ಈಗ ಮಾರಿದ್ರೆ ಇನ್ನೊಂದು ಸಲ ಕಳ್ಕೋತೀರಿ.

ಪ್ರಶ್ನೆ: ನಮ್ಮದು ತುಮಕೂರಲ್ಲಿ ಸಣ್ಣ ಅಸೆಂಬ್ಲಿ ಅಂಗಡಿ ಸರ್, ಮಾಲು ಬೆಂಗಳೂರಿನ ಎಸ್.ಪಿ. ರೋಡಿಂದ ತರ್ತೀವಿ. ಗಿರಾಕಿಗೆ ಇವತ್ತು ಒಂದು ಕಾರ್ಡ್ ಹಾಕಿಕೊಟ್ರೆ ಮೂರು ತಿಂಗಳಿಗೆ ಹೊಸದು ಬರತ್ತೆ, ಯಾಕ್ರೀ ಹೇಳಲಿಲ್ಲ ಅಂತ ಜಗಳಕ್ಕೆ ಬರ್ತಾರೆ. ಕಾರ್ಡ್ ಕೊನೇ ಗಳಿಗೆಯದ್ದು ಅಂತ ಮೊದಲೇ ಗೊತ್ತಾಗೋದು ಹೇಗೆ? ಹಳೇದನ್ನ ಮಾರಲೇಬಾರದಾ?
— ಕಂಪ್ಯೂಟರ್ ಅಂಗಡಿಯವರು, ತುಮಕೂರು

ಉತ್ತರ: ಮಾರಬಾರದು ಅಂತ ಏನಿಲ್ಲ, ಹೇಳಿ ಮಾರಬೇಕು. ಕ್ಯಾಲೆಂಡರ್ ನೋಡ್ಕೊಂಡ್ರೆ ಅರ್ಧ ಗೊತ್ತಾಗತ್ತೆ. ಎನ್‌ವಿಡಿಯಾದ ದೊಡ್ಡ ಪೀಳಿಗೆಗಳು ಬಂದಿದ್ದು 2014ರ ಸೆಪ್ಟೆಂಬರ್, 2016ರ ಮೇ, 2018ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್, 2022ರ ಅಕ್ಟೋಬರ್, 2025ರ ಜನವರಿ. ಎರಡು ವರ್ಷಕ್ಕೆ ಸ್ವಲ್ಪ ಆಚೀಚೆ. ಪೀಳಿಗೆಗೆ ಒಂದು ವರ್ಷ ದಾಟಿದ ಮೇಲೆ ಅದೇ ನಂಬರ್‌ಗೆ ಟಿಐ, ಸೂಪರ್, ಅಥವಾ ಎಎಂಡಿಯ 6650, 6750, 6950 ಥರ ಮಧ್ಯದಲ್ಲಿ ಐವತ್ತು ಸೇರ್ಕೊಂಡು ಬಂದ್ರೆ ಅದು ಕೊನೇ ಸುತ್ತು ಅಂತ ಲೆಕ್ಕ ಹಾಕ್ಬೋದು.

ಆದ್ರೆ ಕೊನೇ ಸುತ್ತು ಅಂದಕೂಡ್ಲೇ ನಷ್ಟ ಅಂತಲ್ಲ. ಆರ್‌ಟಿಎಕ್ಸ್ 4070 ಸೂಪರ್ ನೋಡಿ, 2024ರ ಜನವರಿಯಲ್ಲಿ 599 ಡಾಲರ್‌ಗೆ ಬಂತು, 7168 ಕೋರ್, 12 ಜಿಬಿ. 2025ರ ಮಾರ್ಚ್‌ನಲ್ಲಿ 5070 ಬಂತು, 549 ಡಾಲರ್, 6144 ಕೋರ್, ಅದೇ 12 ಜಿಬಿ, ಮಲ್ಟಿ ಫ್ರೇಮ್ ಜನರೇಶನ್ ಬಿಟ್ಟು ನೋಡಿದ್ರೆ ಎರಡೂ ಅಕ್ಕಪಕ್ಕದಲ್ಲೇ ಓಡ್ತವೆ. ಮುಂದಿನ ಪೀಳಿಗೆ ದೊಡ್ಡ ಹೆಜ್ಜೆ ಇಡದೇ ಹೋದಾಗ ಹಿಂದಿನದ್ರ ಕೊನೇ ಕಾರ್ಡ್ ಕೊಂಡವರು ಗೆದ್ರು ಅಂತಾನೇ ಅರ್ಥ. ಗಿರಾಕಿಗೆ ಈಗಲೇ ಬೇಕು, ಬೆಲೆ ಇಳಿದಿದೆ, ನಾಲ್ಕೈದು ವರ್ಷ ಡ್ರೈವರ್ ಸಿಗೋ ಪೀಳಿಗೆ ಅಂದ್ರೆ ಧೈರ್ಯವಾಗಿ ಹಾಕಿಕೊಡಿ. ಬಿಡುಗಡೆ ದಿನದ ಬೆಲೆಗೇ ಮಾರ್ತಿದ್ರೆ ಮಾತ್ರ ಕಾಯಿರಿ ಅಂತ ಹೇಳಿ.

ನೀವು ನಿಜವಾಗ್ಲೂ ಹುಷಾರಾಗಿರಬೇಕಾಗಿರೋದು ಇನ್ನೊಂದು ಬಗೆಗೆ. ಹೆಸರು ಅದೇ, ಒಳಗಿನ ಮಾಲು ಬೇರೆ. 2017ರಲ್ಲಿ ಬಂದ ಜಿಟಿ 1030ರಲ್ಲಿ ಜಿಡಿಡಿಆರ್5 ಇತ್ತು, ಸೆಕೆಂಡಿಗೆ 48 ಗಿಗಾಬೈಟ್, 2018ರಲ್ಲಿ ಅದೇ ಹೆಸರಲ್ಲಿ ಡಿಡಿಆರ್4 ಹಾಕಿ ಬಿಟ್ರು, 16.8 ಗಿಗಾಬೈಟ್, ಅಂದ್ರೆ ಮೂರರಲ್ಲಿ ಒಂದು ಪಾಲು. ಆರ್‌ಟಿಎಕ್ಸ್ 3060 ಅಂದ್ರೆ 12 ಜಿಬಿ, 192 ಬಿಟ್ ಬಸ್ (ಮೆಮೊರಿ ದಾರಿಯ ಅಗಲ) ಅಂತ ಎಲ್ರಿಗೂ ಗೊತ್ತು, 2022ರ ಕೊನೇಲಿ, 40 ಸೀರೀಸ್ ಬಂದ್ಮೇಲೆ, ಅದೇ ಹೆಸರಲ್ಲಿ 8 ಜಿಬಿ, 128 ಬಿಟ್‌ನ ಕಾರ್ಡ್ ಬಂತು, ಬ್ಯಾಂಡ್‌ವಿಡ್ತ್ 360ರಿಂದ 240ಕ್ಕೆ ಇಳೀತು. 2024ರಲ್ಲಿ 4070ಕ್ಕೂ ಜಿಡಿಡಿಆರ್6ಎಕ್ಸ್ ಬದ್ಲು ಜಿಡಿಡಿಆರ್6 ಹಾಕಿದ್ರು, ಅದ್ರಲ್ಲಿ ವ್ಯತ್ಯಾಸ ಸಣ್ಣದು, ಹೋಗ್ಲಿ ಅನ್ಬೋದು, ಮೊದಲಿನ ಎರಡನ್ನ ಹಾಗನ್ನೋಕೆ ಆಗಲ್ಲ. ಸಗಟು ಅಂಗಡೀಲಿ ನೂರು ರೂಪಾಯಿ ಕಮ್ಮಿ ಅಂತ ತಂದ್ರೆ ಊರಲ್ಲಿ ಹೆಸರು ಕೆಡೋದು ನಿಮ್ಮದು.

ಮಾಲು ಬಂದ ತಕ್ಷಣ ಒಂದು ಪೀಸ್ ಹಾಕಿ ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆಗೆದು ಚಿಪ್ ಹೆಸರು, ಶೇಡರ್ ಸಂಖ್ಯೆ, ಮೆಮೊರಿ ಬಗೆ, ಬಸ್ ಅಗಲ ನಾಲ್ಕನ್ನೂ ನೋಡಿ, ನಕಲಿ ಕಾರ್ಡ್ ಇದ್ರೂ ಬಹಳಷ್ಟು ಸಲ ಅದೇ ಹಿಡ್ಕೊಡತ್ತೆ. ಗಿರಾಕಿಗೆ ಕೊಡೋ ಬಿಲ್‌ನಲ್ಲಿ ಬರೀ "3060" ಅಂತ ಬರೀಬೇಡಿ, ಬಾಕ್ಸ್ ಮೇಲಿನ ಪೂರ್ತಿ ಮಾಡೆಲ್ ಕೋಡ್, ಎಷ್ಟು ಜಿಬಿ, ಯಾವ ಮೆಮೊರಿ ಅಂತ ಬರೆಯಿರಿ. ನಿಮ್ಮ ಸಗಟು ಅಂಗಡಿಯವರ ಹತ್ರಾನೂ ಬಿಲ್ ಹಾಗೇ ಬರೆಸ್ಕೊಳ್ಳಿ, ಕೊಡಲ್ಲ ಅಂದ್ರೆ ಆ ಮಾಲು ಅಲ್ಲೇ ಬಿಟ್ಟು ಬನ್ನಿ.